ಮೂರನೇ ಕಾಫಿ: ಇಬ್ಬರೇ ಇದ್ದ ನಾಟಕವೊಂದರಲ್ಲಿ ನಗುವಿನ ಪ್ರಕರಣ

ನಾಟಕ ಮುಗಿಯಲು ಇನ್ನು ಹತ್ತು ನಿಮಿಷವಿದೆ ಅನ್ನುವಾಗ ಅಪ್ಪನಿಗೆ ಸ್ವಂತ ಮಗಳ ಗುರುತು ತಪ್ಪುತ್ತದೆ. ಆತ ನಿವೃತ್ತ ಲೈನ್‌ಮನ್. ಎದುರಿಗೆ ನಿಂತವಳು ಕರೆಂಟಿಲ್ಲ ಅಂತ ದೂರು ಹೇಳಲು ಬಂದ ಯಾವುದೋ ಮನೆಯ ಹೆಣ್ಣುಮಗಳು ಎಂದುಕೊಂಡು, "ಯಾವ ಲೈನಿಗೆ ಬರುತ್ತಮ್ಮ ನಿಮ್ಮನೆ? ಜಂಪ್ ಕಟ್ಟಾಗಿರಬೇಕು. ನೀವು ಹೋಗಿರಿ, ಏಣಿ ತಗೊಂಡು ಬರ್ತೀನಿ" ಅನ್ನುತ್ತಾನೆ. ಇಡೀ ನಾಟಕ ಬರೆದಿರುವುದೇ ಈ ಮಾತಿಗಾಗಿ. ಮೊದಲ ಪ್ರದರ್ಶನದಲ್ಲಿ ಈ ಮಾತು ಬಂದಾಗ ಸಭಾಂಗಣ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಒಂದು ಶಿಳ್ಳೆಯೂ ಬಂತು.

ಆ ನಗುವಿನ ಬೆನ್ನು ಹತ್ತಿ ಒಂಬತ್ತು ಪ್ರದರ್ಶನ ಕಳೆದವು. ತಂಡದ ಹೆಸರು, ನಾಟಕದ ಹೆಸರು, ಊರುಗಳ ಹೆಸರು ಇಲ್ಲಿಲ್ಲ. ಕಲಾವಿದರ ಕಸುಬು ಮತ್ತು ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ತಂಡದವನಲ್ಲ. ಸಂಚಾರದ ಲೆಕ್ಕಪತ್ರ, ಗಾಡಿ, ಊಟ ನೋಡಿಕೊಳ್ಳಲು ಜೊತೆಗೆ ಹೋದವನು. ಟಿಕೆಟ್ ಹರಿದು ಕೊಟ್ಟ ಮೇಲೆ ಪ್ರತಿಸಲವೂ ಬಾಗಿಲ ಬಳಿಯೇ ನಿಂತು ನಾಟಕ ನೋಡಿದೆ. ಅಲ್ಲಿ ನಿಂತವನಿಗೆ ರಂಗಕ್ಕಿಂತ ನೋಡುವವರ ತಲೆಗಳೇ ಹೆಚ್ಚು ಕಾಣುತ್ತವೆ.

ಹಿನ್ನೆಲೆ

ಹಳೇ ಮೈಸೂರು ಕಡೆಯ ಒಂದು ಜಿಲ್ಲಾಕೇಂದ್ರದ ಹವ್ಯಾಸಿ ತಂಡ. ಹದಿನೈದು ಇಪ್ಪತ್ತು ಜನರ ನಾಟಕಗಳನ್ನೇ ಮಾಡಿಕೊಂಡು ಬಂದವರು. ಇಬ್ಬರ ನಾಟಕಕ್ಕೆ ಇಳಿದದ್ದು ಯಾವುದೋ ಕಲಾತತ್ವಕ್ಕಾಗಿ ಅಲ್ಲ. ತಾಲೀಮಿಗೆ ಹದಿನೈದು ಜನರನ್ನು ಒಟ್ಟು ಹಾಕುವುದೇ ಆಗುತ್ತಿರಲಿಲ್ಲ. ಒಬ್ಬನಿಗೆ ನೈಟ್ ಶಿಫ್ಟ್, ಇನ್ನೊಬ್ಬಳಿಗೆ ಮಗುವಿನ ಪರೀಕ್ಷೆ. ಇಬ್ಬರು ನಟರು, ಒಂದು ಮೇಜು, ಎರಡು ಕುರ್ಚಿ, ಒಂದು ಏಣಿ ಅಂದರೆ ಒಂದೇ ಗಾಡಿಯಲ್ಲಿ ಇಡೀ ನಾಟಕ ಹೊರಡುತ್ತದೆ. ಕಡಿಮೆ ಪಾತ್ರದ ನಾಟಕ ಕನ್ನಡಕ್ಕೆ ಹೊಸದೂ ಅಲ್ಲ. ಗಿರೀಶ ಕಾರ್ನಾಡರ 'ಒಡಕಲು ಬಿಂಬ'ದಲ್ಲಿ ಒಬ್ಬಳೇ ನಟಿ, ಎದುರಿಗೆ ಟಿವಿ ಪರದೆಯಲ್ಲಿ ಅವಳದೇ ಬಿಂಬ. ಅದು ಬೆಂಗಳೂರಿನ ರಂಗಶಂಕರದಲ್ಲಿ ರಂಗಕ್ಕೆ ಬಂದದ್ದು 2005ರಲ್ಲಿ. ನಮ್ಮ ನಿರ್ದೇಶಕರು ತಂಡಕ್ಕೆ ಧೈರ್ಯ ತುಂಬುವಾಗ ಹೇಳುತ್ತಿದ್ದ ಉದಾಹರಣೆ ಇದೇ.

ಅಪ್ಪನ ಪಾತ್ರಕ್ಕೆ ಊರಿನ ಜನ ಮೇಷ್ಟ್ರು ಎಂದೇ ಕರೆಯುವ ಹಿರಿಯ ನಟರು. ಅವರ ಹೆಸರು ನಿಂತಿರುವುದೇ ಹಾಸ್ಯದ ಮೇಲೆ. ವೃತ್ತಿನಾಟಕದ ಕಾಲದಿಂದ ನಮ್ಮ ಕಡೆಯ ಪ್ರೇಕ್ಷಕರಿಗೆ ಹಾಸ್ಯಗಾರ ಅಂದರೆ ಮನೆಯವನಂತೆ. ಗುಬ್ಬಿ ವೀರಣ್ಣನವರು ಅಷ್ಟು ದೊಡ್ಡ ಕಂಪನಿ ನಡೆಸಿದರೂ ಜನರ ಬಾಯಲ್ಲಿ ಉಳಿದದ್ದು 'ಸದಾರಮೆ'ಯ ಕಳ್ಳನಾಗಿ. ಮೇಷ್ಟ್ರು ರಂಗದ ಪಕ್ಕದ ಮರೆಯಿಂದ, ಅಂದರೆ ವಿಂಗ್‌ನಿಂದ, ಒಂದು ಕಾಲು ಹೊರಗಿಟ್ಟರೆ ಸಾಕು, ಊರಿನವರು ನಗಲು ಸಿದ್ಧ. ಮಗಳ ಪಾತ್ರಕ್ಕೆ ಮೂವತ್ತರ ಆಸುಪಾಸಿನ ಒಬ್ಬ ನಟಿ. ಬ್ಯಾಂಕಿನ ಕೆಲಸ ಮುಗಿಸಿ ತಾಲೀಮಿಗೆ ಬರುತ್ತಿದ್ದವರು.

ಮೊದಲ ದೃಶ್ಯದಲ್ಲಿ ಮಗಳು ಬೆಂಗಳೂರಿನಿಂದ ಬಸ್ಸಿಳಿದು ಬರುತ್ತಾಳೆ. ಅಪ್ಪ ಕಾಫಿ ತಂದು ಕೊಡುತ್ತಾನೆ. ಒಳಗೆ ಹೋಗಿ ಮತ್ತೆ ಬಂದು, "ಈಗ ಬಂದ್ಯಾ? ಬಸ್ಸು ಲೇಟಾ? ತಗೋ ಕಾಫಿ" ಎಂದು ಎರಡನೇ ಲೋಟ ಇಡುತ್ತಾನೆ. ಸ್ವಲ್ಪ ಹೊತ್ತಿಗೆ ಮೂರನೆಯದು. ಆಗ ಮಗಳು, "ಅಪ್ಪಾ, ಇದು ಮೂರನೇದು! ಹೊರಗಡೆ ಹೋಟ್ಲು ಬೋರ್ಡ್ ಬರೆಸ್ಲಾ?" ಅನ್ನುತ್ತಾಳೆ. ಓದುವಾಗಲೇ ಎಲ್ಲರೂ ನಕ್ಕಿದ್ದ ಮಾತು. ಇದು ನೆನಪಿರಲಿ.

ಎಡವಟ್ಟು

ಹದಿನೈದು ಜನರ ನಾಟಕದಲ್ಲಿ ಅಸಂಗತವಾದ ಒಂದು ನಗು ಬಂದರೆ ಯಾರೋ ಒಬ್ಬರು ಪ್ರವೇಶ ಮಾಡುತ್ತಾರೆ, ಹಾಡು ಶುರುವಾಗುತ್ತದೆ, ದೃಶ್ಯ ಬದಲಾಗುತ್ತದೆ. ಪೆಟ್ಟು ಹಂಚಿಹೋಗುತ್ತದೆ. ಇಬ್ಬರೇ ಇದ್ದಾಗ ಆ ಸೌಲಭ್ಯವಿಲ್ಲ. ಮಗಳು ಬಿಕ್ಕಳಿಸಬೇಕಾದ ಹೊತ್ತಿಗೆ ಎದುರಿನ ಇನ್ನೂರು ಜನ ನಗುತ್ತಿದ್ದರೆ ಅವಳಿಗೆ ಹೋಗಲು ಜಾಗವೇ ಇರುವುದಿಲ್ಲ. ಮೊದಲ ಪ್ರದರ್ಶನ ಮುಗಿದ ಮೇಲೆ ಗ್ರೀನ್ ರೂಮಿನಲ್ಲಿ ನಟಿ ಒಂದೇ ಮಾತು ಹೇಳಿದರು: "ಅವರು ನಕ್ಕಿದ್ದು ಮೇಷ್ಟ್ರನ್ನ ನೋಡಿ ಅಲ್ಲ ಸಾರ್, ನನ್ನನ್ನ ನೋಡಿ ಅನ್ನಿಸ್ತು."

ನಿರ್ದೇಶಕರು ಆ ರಾತ್ರಿ ಕೊಟ್ಟ ಕಾರಣ, ಪ್ರೇಕ್ಷಕರಿಗೆ ಅರ್ಥವಾಗಲಿಲ್ಲ ಅನ್ನುವುದು. ನಾಟಕದವರಿಗೆ ಬಹಳ ಸುಲಭವಾಗಿ ಸಿಗುವ ಕಾರಣ ಇದು. ಮುಂದಿನ ಆರು ವಾರ ನಾವು ಮಾಡಿದ ತಪ್ಪುಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ಎರಡನೇ ಪ್ರದರ್ಶನ ಪಕ್ಕದ ತಾಲೂಕಿನಲ್ಲಿ. ಅಲ್ಲಿ ಇನ್ನೊಂದು ಪೀಡೆ. ಉದ್ಘಾಟನೆ, ಸನ್ಮಾನ, ಹಾರ ತುರಾಯಿ ಸೇರಿ ಐವತ್ತು ನಿಮಿಷ. ಮುಂದಿನ ಸಾಲಿನ ಸೋಫಾಗಳಲ್ಲಿ ಕೂತಿದ್ದ ಗಣ್ಯರು ನಾಟಕ ಶುರುವಾಗಿ ಹತ್ತೇ ನಿಮಿಷಕ್ಕೆ ಒಬ್ಬೊಬ್ಬರಾಗಿ ಎದ್ದು ಹೋದರು. ಉಳಿದ ಅರವತ್ತೈದು ನಿಮಿಷ ಇಬ್ಬರು ನಟರು ಏಳು ಖಾಲಿ ಸೋಫಾಗಳ ಮುಂದೆ ಅಭಿನಯಿಸಿದರು. ಮೂರನೇ ಬೆಲ್ ಆದಮೇಲೆ ತಡವಾಗಿ ಬಂದವರಿಗೆ ಬಾಗಿಲೇ ತೆರೆಯದ ರಂಗಶಂಕರದ ಶಿಸ್ತನ್ನು ಇಲ್ಲಿ ಕೇಳುವಂತಿಲ್ಲ. ಸಂಘಟಕರಿಗೆ ಸನ್ಮಾನವೇ ಮುಖ್ಯ ಕಾರ್ಯಕ್ರಮ. ಮುಂದಿನ ಊರುಗಳಲ್ಲಿ ಒಂದು ಒಪ್ಪಂದ ಮಾಡಿಕೊಂಡೆವು. ಸನ್ಮಾನ ಮುಗಿದ ಕೂಡಲೇ ಸೋಫಾಗಳನ್ನು ಗೋಡೆಗೆ ಸರಿಸುವುದು, ಗಣ್ಯರು ಮೂರನೇ ಸಾಲಿಗೆ. ಒಬ್ಬ ಸಂಘಟಕರು ಮಾತ್ರ ಸಿಟ್ಟಾದರು. ಆದರೆ ಇದರಿಂದ ಅಪ್ಪನ ಆ ಮಾತಿನ ನಗು ಹೋಗಲಿಲ್ಲ.

ಮಾಡಿ ನೋಡಿದ್ದು

ಮೊದಲು ಕೊಳಲು. ಅಪ್ಪನ ಆ ಮಾತಿಗೆ ಅರ್ಧ ನಿಮಿಷ ಮೊದಲೇ ಹಿನ್ನೆಲೆಯಲ್ಲಿ ಕೊಳಲಿನ ಒಂದು ಎಳೆ ಶುರುವಾಗಬೇಕು ಎಂದಾಯಿತು. ಮೂರನೇ ಪ್ರದರ್ಶನದಲ್ಲಿ ನಗು ಕಡಿಮೆಯಾಯಿತು, ನಿಜ. ಮೇಷ್ಟ್ರಿಗೆ ಮಾತ್ರ ಅದು ಒಗ್ಗಲಿಲ್ಲ. "ಕೊಳಲು ಬಂದ ತಕ್ಷಣ ಜನ ಕರ್ಚೀಫು ಹುಡುಕ್ತಾರೆ ಕಣಯ್ಯಾ. ನಾನಿನ್ನೂ ಏನೂ ಹೇಳೇ ಇಲ್ಲ!" ಅಂದರು. ಅವರು ಹೇಳಿದ್ದು ಸರಿಯಿತ್ತು. ಕೊಳಲು ಬಂತು ಅಂದರೆ ಈಗ ಅಳಬೇಕು ಎಂಬ ಸೂಚನೆ ಸಿನಿಮಾ, ಧಾರಾವಾಹಿಗಳಿಂದ ಎಲ್ಲರಿಗೂ ಗೊತ್ತು. ನಮಗೆ ಸಿಕ್ಕಿದ್ದು ಆ ಸೂಚನೆಗೆ ಬಂದ ಪ್ರತಿಕ್ರಿಯೆ.

ಆಮೇಲೆ ಪ್ರಕಟಣೆ. ನಾಲ್ಕನೇ ಪ್ರದರ್ಶನಕ್ಕೆ ಮೊದಲು ನಿರ್ದೇಶಕರು ಪರದೆಯ ಮುಂದೆ ನಿಂತು, ಇದು ಮರೆವಿನ ಕಾಯಿಲೆಯ ಕುರಿತ ಗಂಭೀರ ನಾಟಕ, ದಯವಿಟ್ಟು ಆ ದೃಷ್ಟಿಯಿಂದ ನೋಡಬೇಕು ಎಂದು ಕೈಮುಗಿದರು. ಅಂದು ಯಾರೂ ನಗಲಿಲ್ಲ. ಎಲ್ಲಿಯೂ ನಗಲಿಲ್ಲ. ಕಾಫಿಗೂ ಇಲ್ಲ, ಏಣಿಯ ಪ್ರಸಂಗಕ್ಕೂ ಇಲ್ಲ. ಶ್ರದ್ಧಾಂಜಲಿ ಸಭೆಯ ಹಾಗೆ ಕೈಕಟ್ಟಿ ಕೂತಿದ್ದರು. ನಗು ಬರಬೇಕಾದ ಕಡೆ ಬಾರದಿದ್ದಾಗ ನಟ ಮುಂದಿನ ಮಾತಿಗೆ ಬೇಗ ಹಾರುತ್ತಾನೆ; ಎಪ್ಪತ್ತೈದು ನಿಮಿಷದ ನಾಟಕ ಅರವತ್ತೇಳಕ್ಕೆ ಮುಗಿದುಹೋಯಿತು. ಗಾಡಿಯಲ್ಲಿ ಬರುವಾಗ ಯಾರೂ ಮಾತಾಡಲಿಲ್ಲ. ಆ ಪ್ರಕಟಣೆಯನ್ನು ಮತ್ತೆ ಮಾಡಲಿಲ್ಲ.

ಸಂವಾದವನ್ನೂ ಇಟ್ಟುಕೊಂಡೆವು. ನಾಟಕದ ನಂತರ ಆಸಕ್ತರು ಉಳಿಯಿರಿ ಎಂದರೆ ಹದಿನೈದು ಜನ ಉಳಿಯುತ್ತಿದ್ದರು. ನಕ್ಕವರು ಯಾರೂ ಅದರಲ್ಲಿ ಇರುತ್ತಿರಲಿಲ್ಲ. ಅವರು ಬಸ್ಸು ಹಿಡಿಯಲು ಹೋಗಿರುತ್ತಿದ್ದರು. ಉಳಿದವರು ಅಭಿನಯ ಅದ್ಭುತ ಎನ್ನುವರು, ಒಬ್ಬ ಹಿರಿಯರು ಇದಕ್ಕೆ ಪರಿಹಾರವೇನು ಎಂದು ಕೇಳುವರು, ಇನ್ನೊಬ್ಬರು ಮೈಕ್ ಹಿಡಿದು ತಮ್ಮ ಕಾಲದ ನಾಟಕಗಳ ಬಗ್ಗೆ ಹತ್ತು ನಿಮಿಷ ಮಾತಾಡುವರು. ಪ್ರತಿಕ್ರಿಯೆ ಬರೆಯಲು ಹಂಚಿದ ಚೀಟಿಗಳಲ್ಲಿ "ತುಂಬಾ ಚೆನ್ನಾಗಿದೆ, ಹೀಗೇ ಮುಂದುವರಿಸಿ". ಕಲಾವಿದರ ಮುಖ ನೋಡಿಕೊಂಡು ನಮ್ಮ ಜನ ಕಟುವಾಗಿ ಮಾತಾಡುವುದಿಲ್ಲ. ಅವರು ನಿಜ ಹೇಳುವುದು ಕತ್ತಲಲ್ಲಿ, ಬಾಯಿಬಿಡದೆ. ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಬೆಳಗುವ ಮೊಬೈಲು, ಮತ್ತು ನಗು.

ಐದನೆಯದು ಮತ್ತೆ ಸ್ವಂತ ಊರಿನಲ್ಲಿ. ದೊಡ್ಡ ರಂಗಮಂದಿರದಲ್ಲಿ ಚದುರಿ ಕೂತರೆ ಬಿಸಿ ಹತ್ತುವುದಿಲ್ಲ ಎಂದು ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದೆ ಕೂರಿಸಿದೆವು. ಬಿಸಿ ಚೆನ್ನಾಗಿಯೇ ಹತ್ತಿತು. ಮೂರನೇ ಕಾಫಿಗೆ ಚಪ್ಪಾಳೆ ಬಿತ್ತು. ಅಪ್ಪನ ಕೊನೆಯ ಆ ಮಾತಿಗೆ, ಕೊಳಲನ್ನೂ ಮುಳುಗಿಸಿ, ಹಿಂದೆಂದೂ ಬಾರದಷ್ಟು ನಗು. ಅಂದು ಮೇಷ್ಟ್ರ ತುಟಿಯಂಚಿನಲ್ಲೂ ಒಂದು ನಗು ಮಿಂಚಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಎರಡಡಿ ದೂರದಲ್ಲಿದ್ದ ನಟಿ ನೋಡದೆ ಇರುತ್ತಾರೆಯೆ? ಗ್ರೀನ್ ರೂಮಿನಲ್ಲಿ ಅವರು ಮೇಕಪ್ ಒರೆಸದೆಯೇ ಮನೆಗೆ ಹೊರಟರು.

ಕರಾವಳಿಯ ಆರನೇ ಪ್ರದರ್ಶನದಲ್ಲೂ ಅದೇ. ಅಲ್ಲಿಯ ತುಳು ನಾಟಕಗಳ ಪ್ರೇಕ್ಷಕರಿಗೆ ನಗುವುದು ಅಭ್ಯಾಸ ಎಂದು ನಿರ್ದೇಶಕರು ಸಮಾಧಾನ ಹೇಳಿದರು. ಅಷ್ಟು ಹೊತ್ತಿಗೆ ಅವರ ಸಮಾಧಾನವನ್ನು ಅವರೇ ನಂಬುತ್ತಿರಲಿಲ್ಲ.

ಲೈಟಿನ ಹುಡುಗನ ಹಾಳೆ

ತಿರುವು ಸಿಕ್ಕಿದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಬೆಳಕು ನಿರ್ವಹಿಸುತ್ತಿದ್ದವನು ಡಿಪ್ಲೊಮಾ ಓದುವ ಹುಡುಗ. ಸಭಾಂಗಣದ ಹಿಂದೆ, ಬೆಳಕು ಏರಿಸಿ ಇಳಿಸುವ ಡಿಮ್ಮರ್ ಬೋರ್ಡಿನ ಮುಂದೆ ಕೂರುವವನು. ನಗು ಏಳುತ್ತಿರುವಾಗ ಬೆಳಕು ಇಳಿಸಿದರೆ ಕೆಡುತ್ತದೆ, ಅದು ಇಳಿಯುವವರೆಗೆ ಕಾಯಬೇಕು. ಅದಕ್ಕಾಗಿ, ಯಾವ ಮಾತಿಗೆ ಯಾವ ಬೆಳಕು ಎಂದು ಬರೆದಿಟ್ಟುಕೊಂಡ ತನ್ನ ಕ್ಯೂ ಶೀಟಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದ. 'ನ' ಅಂದರೆ ನಗು, ಜೋರಾದರೆ 'ನನ', 'ಚ' ಚಪ್ಪಾಳೆ, 'ಕೆ' ಕೆಮ್ಮು, 'ಮೊ' ಮೊಬೈಲು. ಪ್ರತಿ ಪ್ರದರ್ಶನಕ್ಕೆ ಹೊಸ ಹಾಳೆ. ಕರಾವಳಿಯಿಂದ ಬರುವಾಗ ಘಾಟಿಯಲ್ಲಿ ಗಾಡಿ ಕೆಟ್ಟು ಎರಡು ಗಂಟೆ ನಿಂತಿತು. ಟೀ ಅಂಗಡಿಯ ಬೆಂಚಿನ ಮೇಲೆ ಅವನು ಆರೂ ಹಾಳೆಗಳನ್ನು ಪಕ್ಕಪಕ್ಕ ಹರಡಿ, "ಸಾರ್, ಒಂದ್ನಿಮಿಷ ಇದು ನೋಡಿ" ಅಂದ.

ಮೂರನೇ ಕಾಫಿಯ ಎದುರು 'ನನ' ಇದ್ದ ಹಾಳೆಗಳಲ್ಲೆಲ್ಲ ಅಪ್ಪನ ಕೊನೆಯ ಮಾತಿನ ಎದುರೂ 'ನನ' ಇತ್ತು. ಕಾಫಿಗೆ 'ಚ' ಬಿದ್ದ ದಿನ ಕೊನೆಯಲ್ಲಿ ಮೂರು 'ನ'. ಪ್ರಕಟಣೆ ಮಾಡಿದ ದಿನ ಕಾಫಿಯ ಎದುರು ಖಾಲಿ, ಕೊನೆಯಲ್ಲೂ ಖಾಲಿ, ನಡುವೆ ಸಾಲುಗಟ್ಟಿ 'ಕೆ'. ಆರು ಪ್ರದರ್ಶನ ಅಂದರೆ ಯಾವ ಲೆಕ್ಕಕ್ಕೂ ಸಾಲದು, ಒಪ್ಪುತ್ತೇನೆ. ಆದರೂ ಅಂದು ಆ ಬೆಂಚಿನ ಸುತ್ತ ನಿಂತಿದ್ದವರಿಗೆ ಅಷ್ಟೇ ಸಾಕಾಯಿತು. ನಾವು ಕೊನೆಯ ದೃಶ್ಯಕ್ಕೆ ಮದ್ದು ಅರೆಯುತ್ತಿದ್ದೆವು, ರೋಗವಿದ್ದದ್ದು ಮೊದಲ ದೃಶ್ಯದಲ್ಲಿ. ಈ ಮುದುಕ ಮರೆತಾಗಲೆಲ್ಲ ನಗಬೇಕು ಎಂದು ಮೊದಲ ಹದಿನೈದು ನಿಮಿಷದಲ್ಲಿ ನಾವೇ ಪ್ರೇಕ್ಷಕರಿಗೆ ಪಾಠ ಹೇಳಿದ್ದೆವು. ಅವರು ಒಳ್ಳೆಯ ವಿದ್ಯಾರ್ಥಿಗಳ ಹಾಗೆ ಕೊನೆಯವರೆಗೆ ಅದನ್ನು ನೆನಪಿಟ್ಟುಕೊಂಡರು.

ಇಲ್ಲೊಂದು ಅಡ್ಡಮಾತು. ಭರತನ ನಾಟ್ಯಶಾಸ್ತ್ರದ 27ನೇ ಅಧ್ಯಾಯ ಸಿದ್ಧಿಯ, ಅಂದರೆ ಪ್ರಯೋಗ ಗೆದ್ದಿತು ಎಂದು ತಿಳಿಯುವುದರ ಬಗೆಗಿನದು. ಪ್ರೇಕ್ಷಕರಿಂದ ಬರುವ ಮಾನುಷೀ ಸಿದ್ಧಿಯನ್ನು ಭರತ ಎಣಿಸಿ ಹೇಳುತ್ತಾನೆ. ಬಾಯಿಂದ ಬರುವಂಥವು ಸ್ಮಿತ, ಅರ್ಧಹಾಸ, ಅತಿಹಾಸ, 'ಸಾಧು' ಅನ್ನುವುದು, 'ಅಹೋ' ಅನ್ನುವುದು, 'ಕಷ್ಟಂ' (ಅಯ್ಯೋ) ಅನ್ನುವುದು. ಮೈಯಿಂದ ಬರುವಂಥವು ರೋಮಾಂಚ, ಎದ್ದು ನಿಲ್ಲುವುದು, ಬಟ್ಟೆಯನ್ನೋ ಉಂಗುರವನ್ನೋ ಎಸೆಯುವುದು. ಇವೆಲ್ಲಕ್ಕಿಂತ ಬೇರೆಯಾದದ್ದು ದೈವೀ ಸಿದ್ಧಿ. ಅಲ್ಲಿ ಸದ್ದಿಲ್ಲ, ಕ್ಷೋಭೆಯಿಲ್ಲ, ರಂಗ ತುಂಬಿದೆ. ನಮ್ಮ ಹುಡುಗ ಇದನ್ನೆಲ್ಲ ಓದಿದವನಲ್ಲ. ಆದರೆ ನಗುವಿಗೆ ಮೆಟ್ಟಿಲುಗಳಿವೆ ಎಂಬುದು ಡಿಮ್ಮರ್ ಹಿಡಿದು ಕೂತವನಿಗೂ ಗೊತ್ತಾಗಿತ್ತು.

ಕಾಫಿಯ ಜಗಳ

ಕಾರಣ ಸಿಕ್ಕ ಮೇಲೆ ಜಗಳ ಶುರು. ನಿರ್ದೇಶಕರು ಎರಡನೇ, ಮೂರನೇ ಕಾಫಿಗಳನ್ನು ಕಿತ್ತುಹಾಕೋಣ ಅಂದರು. ಮೇಷ್ಟ್ರು ಕೆರಳಿದರು. "ನಗಿಸಿ ನಗಿಸಿ ಹತ್ತಿರ ಕರ್ಕೊಂಡಿರ್ತೀನಿ. ಹತ್ತಿರ ಬಂದವರಿಗೇ ತಾನೆ ಆಮೇಲೆ ನೋವಾಗೋದು? ದೂರ ನಿಂತವನಿಗೆ ಏನಾಗುತ್ತೆ?" ತಮ್ಮ ಚಪ್ಪಾಳೆ ಹೋಗುತ್ತದೆ ಎಂಬ ಸಂಕಟವೂ ಅದರಲ್ಲಿತ್ತು, ಇರಲಿ. ಮಾತು ಮಾತ್ರ ಪೂರ್ತಿ ಸರಿ. ನಗುವೇ ಇಲ್ಲದ ನಾಲ್ಕನೇ ಪ್ರದರ್ಶನದ ಹೆಣವನ್ನು ನಾವೆಲ್ಲ ಹೊತ್ತಿದ್ದೆವಲ್ಲ.

ಎರಡು ದಿನ ತಾಲೀಮು ನಡೆಯಲೇ ಇಲ್ಲ. ಮೂರನೇ ದಿನ ನಟಿ ಒಂದು ಸಲಹೆ ಕೊಟ್ಟರು. "ಮೇಷ್ಟ್ರು ಏನೂ ಬದಲಾಯಿಸೋದು ಬೇಡ. ಮೂರೂ ಕಾಫಿ ತರಲಿ. ನನ್ನ ಮಾತು ತೆಗೆದುಬಿಡಿ." ಯಾವ ಮಾತು? ಹೋಟ್ಲು ಬೋರ್ಡಿನ ಮಾತು. ಅವರ ವಾದ ಇಷ್ಟು: ಮೊದಲ ಕಾಫಿ ಕುಡಿಯುತ್ತಾಳೆ. ಎರಡನೆಯದಕ್ಕೆ ನಗುತ್ತಾಳೆ, ಪ್ರೇಕ್ಷಕರೂ ನಗಲಿ. ಮೂರನೇ ಲೋಟ ಬಂದಾಗ ಅವಳು ಮೇಜಿನ ಮೇಲಿರುವ ಎರಡು ಲೋಟ ನೋಡಿ, ಅಪ್ಪನ ಮುಖ ನೋಡಿ, ಏನೂ ಹೇಳದೆ ಕಾಫಿ ಕುಡಿದುಬಿಡುತ್ತಾಳೆ. "ನಮ್ಮಜ್ಜಿ ಒಂದೇ ದಿನ ನನಗೆ ಎರಡು ಸಲ ಸ್ನಾನಕ್ಕೆ ನೀರು ಕಾಸಿದ್ರು ಸಾರ್. ಎರಡ್ ಸಲಾನೂ ಸ್ನಾನ ಮಾಡಿದ್ದೆ."

ಇಬ್ಬರ ನಾಟಕದಲ್ಲಿ ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಕೇಳುತ್ತಿರುತ್ತಾರೆ, ಮತ್ತು ಪ್ರೇಕ್ಷಕರು ನೋಡುವುದು ಹೆಚ್ಚಾಗಿ ಕೇಳುವವರನ್ನು. ಈ ಮಾತನ್ನು ಹೇಗೆ ತಗೊಳ್ಳಬೇಕು ಎಂದು ತಿಳಿಸುವ ಮುಖ ಅದೊಂದೇ. ಮಗಳು ಚಟಾಕಿ ಹಾರಿಸಿದರೆ ಅದು ಚಟಾಕಿಯ ವಿಷಯ. ಅವಳು ನಗುವುದನ್ನು ನಿಲ್ಲಿಸಿದರೆ ಸಭಾಂಗಣವೂ ಒಂದು ಕ್ಷಣ ತಡೆಯುತ್ತದೆ. ಯಾವ ನಗು ಎಲ್ಲಿ ನಿಲ್ಲಬೇಕು ಎಂಬುದನ್ನು ಮಗಳು ನಿರ್ಧರಿಸುತ್ತಾಳೆ, ಅಪ್ಪನಲ್ಲ. ಇಷ್ಟು ದಿನ ನಾವು ಲೈಟು, ಕೊಳಲು, ಪ್ರಕಟಣೆ ಎಂದು ಹೊರಗಿನಿಂದ ಏನೇನೋ ತಂದು ಅಂಟಿಸುತ್ತಿದ್ದೆವು. ಕೇಳುವವಳ ಮುಖ ಅಲ್ಲೇ ಇತ್ತು. ತನ್ನದೇ ಅತಿ ದೊಡ್ಡ ನಗುವಿನ ಮಾತನ್ನು ಒಬ್ಬ ನಟಿ ತಾನಾಗಿ ಬಿಟ್ಟುಕೊಟ್ಟದ್ದನ್ನು ನೋಡಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕೊಳಲೂ ತೆಗೀರಪ್ಪ" ಅಂದರು.

ಆದದ್ದು

ಏಳನೇ ಪ್ರದರ್ಶನ ಮಲೆನಾಡಿನ ಒಂದು ಕಾಲೇಜಿನಲ್ಲಿ. ಬಹುಪಾಲು ವಿದ್ಯಾರ್ಥಿಗಳು, ಅಂದರೆ ನಗಲು ತುದಿಗಾಲಲ್ಲಿ ನಿಂತವರು. ಎರಡನೇ ಕಾಫಿಗೆ ಚೆನ್ನಾಗಿ ನಕ್ಕರು. ಮೂರನೆಯದು ಬಂದಾಗಲೂ ನಗು ಶುರುವಾಯಿತು, ಮಗಳು ಲೋಟ ಎತ್ತಿದಳು, ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಒಂದೊಂದಾಗಿ ಆರಿತು. ಕೊನೆಯ ದೃಶ್ಯದಲ್ಲಿ "ಯಾವ ಲೈನಿಗೆ ಬರುತ್ತಮ್ಮ" ಅನ್ನುವಾಗ ಎಡಗಡೆಯ ಒಂದು ಗುಂಪು ನಕ್ಕಿತು, ಅರ್ಧಕ್ಕೇ ನುಂಗಿಕೊಂಡಿತು. ಆ ನುಂಗಿದ ಸದ್ದು ಬಾಗಿಲವರೆಗೆ ಕೇಳಿಸಿತು. ನನಗೆ ಪೂರ್ತಿ ಮೌನಕ್ಕಿಂತ ಅದೇ ಹೆಚ್ಚು ಅನ್ನಿಸಿತು. ಮಾತು ತಮಾಷೆಯದೇ, ಅದು ತಮಾಷೆಯಲ್ಲ ಎಂದು ಗೊತ್ತಾಗಲು ಅವರಿಗೆ ಒಂದು ಉಸಿರು ಬೇಕಾಯಿತು.

ಎಂಟನೆಯದು ಹಳ್ಳಿಯ ಶಾಲಾ ಮೈದಾನದಲ್ಲಿ. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ನಿಂತ ಗಂಡಸರು. ಅಲ್ಲಿ ನಾಟಕ ನೋಡುವುದೆಂದರೆ ನಾಟಕದ ಜೊತೆ ಮಾತಾಡುವುದು. ಮೂರನೇ ಕಾಫಿಗೆ ಒಬ್ಬ ಅಜ್ಜಿ ಜೋರಾಗಿಯೇ "ಕುಡಿಯವ್ವ ಕುಡಿ, ಪಾಪ" ಅಂದಿತು. ಕೊನೆಯಲ್ಲಿ ಅಪ್ಪ ಆ ಮಾತು ಹೇಳಿದ ಕೂಡಲೇ ಹಿಂದಿನ ಕತ್ತಲಿನಿಂದ ಒಂದು ದನಿ: "ಮಗ್ಳು ಕಣಯ್ಯಾ ಅದು!"

ವಿಂಗ್‌ನಲ್ಲಿದ್ದ ನಿರ್ದೇಶಕರು ತಲೆ ಮೇಲೆ ಕೈಹೊತ್ತರು. ಮೇಷ್ಟ್ರು ನಿಧಾನವಾಗಿ ದನಿ ಬಂದ ಕಡೆ ತಿರುಗಿದರು. ಆಮೇಲೆ ಮಗಳ ಕಡೆ. ಅವಳನ್ನು ತಲೆಯಿಂದ ಕಾಲವರೆಗೆ ನೋಡಿ, ಸ್ಕ್ರಿಪ್ಟಿನಲ್ಲಿಲ್ಲದ ಒಂದು ಮಾತು ಕೇಳಿದರು: "ಹೌದಾ?"

ಮೈದಾನದಲ್ಲಿ ಯಾರೂ ಅಲುಗಾಡಲಿಲ್ಲ. ನಟಿಗೂ ಮುಂದಿನ ಮಾತು ಹೇಳಲು ಎಷ್ಟೋ ಹೊತ್ತು ಬೇಕಾಯಿತು.

ಆ "ಹೌದಾ"ವನ್ನು ನಾಟಕದಲ್ಲೇ ಇಟ್ಟುಕೊಳ್ಳೋಣವೇ ಎಂಬ ಚರ್ಚೆ ಅಂದು ರಾತ್ರಿ ಊಟದ ಎಲೆ ಮುಂದೆಯೇ ನಡೆಯಿತು. ಬೇಡ ಎಂದವರು ಮೇಷ್ಟ್ರೇ. ಕತ್ತಲಿನ ಆ ದನಿ ಇಲ್ಲದೆ ಹೇಳಿದರೆ ಅದು ಬರೀ ಮಾತು, ನಾಳೆ ಚಟಾಕಿಯಾಗುತ್ತದೆ ಎಂದರು. ಹಾಸ್ಯದಲ್ಲಿ ನಲವತ್ತು ವರ್ಷ ಪಳಗಿದವರ ಆ ತೀರ್ಮಾನವನ್ನು ನಿರ್ದೇಶಕರೂ ಎದುರಾಡಲಿಲ್ಲ.

ಒಂಬತ್ತನೇ ಪ್ರದರ್ಶನ ಬೆಂಗಳೂರಿನ ಒಂದು ಚಿಕ್ಕ ಸಭಾಂಗಣದಲ್ಲಿ. ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿತ್ತು. ಮೂರನೇ ಕಾಫಿಗೆ ಸಭೆ ಸ್ತಬ್ಧವಾದ ಗಳಿಗೆಯಲ್ಲಿ ನಡುವಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, ಎಲ್ಲರ ಮೊಣಕಾಲು ದಾಟಿಕೊಂಡು, ನನ್ನ ಪಕ್ಕದಿಂದಲೇ ಹೊರಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ನೀರಿನ ಬಾಟಲಿ ಹಿಡಿದು ಹೋದೆ. ಮೆಟ್ಟಿಲ ಮೇಲೆ ಕೂತಿದ್ದರು. ಮನೆಯಲ್ಲಿ ತಾಯಿಗೆ ಇದೇ ಕಾಯಿಲೆಯಂತೆ. ನೋಡಿಕೊಳ್ಳುವವರನ್ನು ಎರಡು ಗಂಟೆ ಕೂರಿಸಿ, ನಗೋಣ ಅಂತ ಬಂದಿದ್ದರು. ನಮ್ಮ ಪೋಸ್ಟರಿನಲ್ಲಿ ಇದ್ದದ್ದು ಮೂರು ಕಾಫಿ ಲೋಟ, ಮೇಷ್ಟ್ರ ಅಗಲ ನಗು, ಕೆಳಗೆ 'ಅಪ್ಪ-ಮಗಳ ನಗೆನಾಟಕ'. ಮೊದಲ ಪ್ರದರ್ಶನಕ್ಕೆ ಮಾಡಿಸಿದ ಪೋಸ್ಟರು. ನಾಟಕದೊಳಗಿನ ನಗುವನ್ನು ತಿದ್ದಿದವರು ಗೋಡೆಯ ಮೇಲಿನ ಆ ಪದವನ್ನು ಹಾಗೇ ಬಿಟ್ಟಿದ್ದೆವು.

ಟಿಕೆಟ್ ದುಡ್ಡು ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. "ಕೊನೇಲಿ ಅಪ್ಪಂಗೆ ಗುರುತು ಸಿಗುತ್ತಾ?" ಎಂದು ಕೇಳಿದರು. ಇಲ್ಲ ಅಂದೆ. "ಹಾಗಿದ್ರೆ ಸರಿ" ಎಂದು ಎದ್ದು ಆಟೋ ಹುಡುಕಲು ಹೋದರು.

ಮುಂದಿನ ಊರಿನ ಪೋಸ್ಟರಿನಲ್ಲಿ 'ನಗೆನಾಟಕ' ಇರಲಿಲ್ಲ. ಮರೆವಿನ ಕಾಯಿಲೆಯ ಅಪ್ಪನೊಬ್ಬನ ಕಥೆ ಎಂಬ ಒಂದು ಸಾಲು ಸೇರಿತು. ಮುಂಗಡ ಟಿಕೆಟ್ ಸ್ವಲ್ಪ ಕಡಿಮೆಯೇ ಹೋಯಿತು.